ಕನ್ನಡ ಪುಸ್ತಕಗಳಿಗೆ ಕ್ಯಾಲಿಬರ್ ಒಗ್ಗಿಸಿಕೊಳ್ಳುವುದು ಹೇಗೆ?

ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಇರಲಿ, ಮಂಡ್ಯದಲ್ಲಿ ಕೂತು ಕೆಎಎಸ್‌ಗೆ ಓದುತ್ತಿರುವವರ ಹಾರ್ಡ್ ಡಿಸ್ಕ್ ಇರಲಿ, ಒಳಗೆ ಕಾಣುವುದು ಹೆಚ್ಚುಕಡಿಮೆ ಒಂದೇ: ಡೌನ್‌ಲೋಡ್ ಫೋಲ್ಡರಿನಲ್ಲಿ ನೂರಾರು ಪಿಡಿಎಫ್, ಅರ್ಧಕ್ಕರ್ಧ ಫೈಲುಗಳಿಗೆ ಅರ್ಥವಿಲ್ಲದ ಹೆಸರು, ಒಂದೇ ಪುಸ್ತಕದ ಮೂರು ಪ್ರತಿ. ಇವನ್ನೆಲ್ಲ ಒಂದೆಡೆ ಜೋಡಿಸಿಡಲು ಉಚಿತವಾಗಿ ಸಿಗುವ ತಂತ್ರಾಂಶಗಳಲ್ಲಿ ಕ್ಯಾಲಿಬರ್ ಗಟ್ಟಿಯಾದದ್ದು. ಕೋವಿದ್ ಗೋಯಲ್ 2006ರಲ್ಲಿ ಶುರುಮಾಡಿದ ಈ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಆದರೆ ಹಾಕಿಕೊಂಡ ಹೊಸದರಲ್ಲಿ ಕಾಣುವ ಕಿಟಕಿ ಕಾದಂಬರಿ ಓದುವವರಿಗೆ ಸರಿ, ಅಧ್ಯಯನಕ್ಕೆ ಸಾಲದು. ಫೈಲಿನ ಗಾತ್ರಕ್ಕೆ, ನಕ್ಷತ್ರದ ರೇಟಿಂಗಿಗೆ ಅಲ್ಲಿ ಕಾಲಂ ಇದೆ; ‘ಇದನ್ನು ಓದಿ ಮುಗಿಸಿದೆನಾ’ ಎಂಬುದಕ್ಕೆ ಇಲ್ಲ. ಹೆಚ್ಚಿನವರು ಮೊದಲು ಬಣ್ಣ, ಐಕಾನ್ ಬದಲಿಸಲು ಹೋಗುತ್ತಾರೆ. ಅದು ಕೊನೆಯ ಕೆಲಸ. ಮೊದಲು ಕಾಲಂ, ಆಮೇಲೆ ಎಡಬದಿಯ ವಿಷಯಪಟ್ಟಿ, ಆಮೇಲೆ ಕಿಟಕಿಯ ಭಾಗಗಳು. ಈ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಶುರುವಿಗೆ ಮುನ್ನ ಎರಡು ಮಾತು. ಕ್ಯಾಲಿಬರ್ 6 ಮತ್ತು ಅದರ ನಂತರದ ಆವೃತ್ತಿಗಳಿಗೆ 64 ಬಿಟ್‌ನ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ 5.44 ಆವೃತ್ತಿಯೇ ಕೊನೆ. ಪುಸ್ತಕದೊಳಗಿನ ಪಠ್ಯ ಹುಡುಕುವ ಸೌಲಭ್ಯವೊಂದನ್ನು ಬಿಟ್ಟರೆ ಇಲ್ಲಿ ಹೇಳುವ ಬಹುಪಾಲು ಕೆಲಸ ಅದರಲ್ಲೂ ಆಗುತ್ತದೆ. ಎರಡನೆಯದು, ಪುಸ್ತಕ ಸೇರಿಸಿದಾಗ ಕ್ಯಾಲಿಬರ್ ತನ್ನ ಫೋಲ್ಡರಿಗೆ ಒಂದು ನಕಲು ಮಾಡಿಕೊಳ್ಳುತ್ತದೆ. ಆ ಫೋಲ್ಡರಿನಲ್ಲಿ ಕನ್ನಡ ಹೆಸರುಗಳು ಇಂಗ್ಲಿಷ್ ಲಿಪಿಗೆ ತಿರುಗಿ ವಿಚಿತ್ರವಾಗಿ ಕಾಣುತ್ತವೆ. ಗಾಬರಿ ಬೇಡ, ಅವನ್ನು ಕೈಯಾರೆ ತಿದ್ದಲೂ ಬೇಡ. ಒಳಗಿನ ಫೈಲಿನ ಹೆಸರು ಬದಲಿಸಿದರೆ ಕ್ಯಾಲಿಬರ್‌ಗೆ ಆ ಪುಸ್ತಕ ಸಿಗದೆ ಹೋಗುತ್ತದೆ.

ಕಾಲಂಗಳು

ಕಂಟ್ರೋಲ್ ಮತ್ತು ಪಿ ಒತ್ತಿದರೆ ಪ್ರಿಫರೆನ್ಸಸ್ ತೆರೆಯುತ್ತದೆ. ಅಲ್ಲಿ ‘ಆಡ್ ಯುವರ್ ಓನ್ ಕಾಲಮ್ಸ್’ಗೆ ಹೋಗಿ. ಪ್ರತಿ ಕಾಲಮ್ಮಿಗೂ ಮೂರು ಸಂಗತಿ ಕೇಳುತ್ತದೆ: ಲುಕಪ್ ನೇಮ್ (ಕ್ಯಾಲಿಬರ್ ಒಳಗೆ ಬಳಸುವ ಹೆಸರು), ಮೇಲೆ ಕಾಣುವ ಶೀರ್ಷಿಕೆ, ಬಗೆ. ಲುಕಪ್ ನೇಮ್ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಇರಲಿ, ನಡುವೆ ಜಾಗ ಬಿಡಬೇಡಿ. ಶೀರ್ಷಿಕೆಯನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಬಹುದು. ಬಗೆ ಆರಿಸುವಾಗ ಮಾತ್ರ ಯೋಚಿಸಿ, ಏಕೆಂದರೆ ಅದನ್ನು ಆಮೇಲೆ ಬದಲಿಸಲಾಗದು. ಕಾಲಮ್ಮನ್ನೇ ಅಳಿಸಿ ಹೊಸದು ಮಾಡಬೇಕು, ಅಳಿಸಿದರೆ ಅದರಲ್ಲಿ ತುಂಬಿದ್ದೆಲ್ಲ ಹೋಗುತ್ತದೆ.

ಅಧ್ಯಯನಕ್ಕೆ ನಾಲ್ಕು ಕಾಲಂ ಸಾಕು:

1. ‘ಸ್ಥಿತಿ’. ಬಗೆ: ನಿಗದಿತ ಮೌಲ್ಯಗಳಿರುವ ಪಠ್ಯ. ಮೌಲ್ಯಗಳ ಜಾಗದಲ್ಲಿ ಅಲ್ಪವಿರಾಮ ಹಾಕಿ ‘1 ಓದಬೇಕು, 2 ಓದುತ್ತಿದೆ, 3 ಮುಗಿದಿದೆ, 4 ಮರುಓದು’ ಎಂದು ಕೊಡಿ. ಮೊದಲಿಗೆ ಅಂಕಿ ಇದ್ದರೆ ವಿಂಗಡಿಸುವಾಗ ಕ್ರಮ ಕೆಡುವುದಿಲ್ಲ. ಕೆಳಗಿನ ಬಣ್ಣದ ಜಾಗದಲ್ಲಿ ಅಷ್ಟೇ ಸಂಖ್ಯೆಯ ಬಣ್ಣದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಡಬಹುದು.

2. ‘ಕೊನೆಯ ಮನನ’. ಬಗೆ: ದಿನಾಂಕ. ಪುಸ್ತಕ ತಿರುವಿ ಹಾಕಿದ ದಿನ ಇಲ್ಲಿ ದಾಖಲಾಗಲಿ. ಕೋಶದ ಮೇಲೆ ಎಫ್2 ಒತ್ತಿ, ಸಮ ಚಿಹ್ನೆ ಒತ್ತಿದರೆ ಇವತ್ತಿನ ದಿನಾಂಕ ಬಂದು ಕೂರುತ್ತದೆ.

3. ‘ಸ್ಥಳ’. ಬಗೆ: ಟ್ಯಾಗ್‌ನಂತೆ ಅಲ್ಪವಿರಾಮದಿಂದ ಬೇರ್ಪಡುವ ಪಠ್ಯ (ಟ್ಯಾಗ್ ಎಂದರೆ ಪುಸ್ತಕಕ್ಕೆ ಅಂಟಿಸುವ ವಿಷಯದ ಚೀಟಿ). ಇತಿಹಾಸ, ಜಾನಪದ, ಕೃಷಿ ಓದುವವರಿಗೆ ಇದು ಬೇಕೇ ಬೇಕು. ಕೇವಲ ಪರೀಕ್ಷೆಗೆ ಓದುವವರು ಇದರ ಬದಲು ‘ಪತ್ರಿಕೆ’ ಎಂದು ಮಾಡಿಕೊಳ್ಳಬಹುದು.

4. ‘ಇನ್ನೊಂದು ಸಂಪುಟ ಸಂಖ್ಯೆ’. ಬಗೆ: ಸರಣಿಯಂಥ ಮಾಹಿತಿ.

ನಾಲ್ಕನೆಯದು ಯಾಕೆಂದು ಕೇಳಬಹುದು. ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದುಕೊಳ್ಳಿ. ಬಿ.ಎಲ್. ರೈಸ್ ಅವರ ಮೂಲ ಸಂಪುಟಗಳು ಬರುವಾಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಶಾಸನಗಳು ಮೈಸೂರು ಜಿಲ್ಲೆಯ ಮೊದಲ ಭಾಗವಾದ 3ನೇ ಸಂಪುಟದಲ್ಲಿವೆ. ನಾಗಮಂಗಲ, ಕೃಷ್ಣರಾಜಪೇಟೆಯವು ಎರಡನೇ ಭಾಗವಾದ 4ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಸಂಪುಟಗಳ ಹಂಚಿಕೆಯೇ ಬೇರೆ, ಸಂಖ್ಯೆಯೇ ಬೇರೆ. ಅಡಿಟಿಪ್ಪಣಿಯಲ್ಲಿ ಬರೇ ‘ಎ.ಕ. 4’ ಎಂದು ಕಂಡರೆ ಯಾವ 4 ಎಂದು ತಲೆ ಕೆರೆದುಕೊಳ್ಳಬೇಕು. ಕ್ಯಾಲಿಬರ್‌ನ ಮೂಲ ‘ಸೀರೀಸ್’ ಕಾಲಂ ಒಂದು ಪುಸ್ತಕಕ್ಕೆ ಒಂದೇ ಸರಣಿ ಒಪ್ಪುತ್ತದೆ. ಅದಕ್ಕೇ ಎರಡನೇ ಸಂಖ್ಯೆಗೆ ಈ ಕಾಲಂ. ಇನ್ನು ಸಂಪುಟದ ಅಂಕಿಯನ್ನು ಪುಸ್ತಕದ ಹೆಸರಿನಲ್ಲಿ ಬರೆಯದೆ ಸರಣಿಯ ಸಂಖ್ಯೆಯಾಗಿಯೇ ಕೊಡಿ. ಹೆಸರಿನಲ್ಲಿ ಬರೆದರೆ 10 ಬಂದು 2ರ ಮುಂದೆ ನಿಲ್ಲುತ್ತದೆ.

ಕಾಲಂ ಸೇರಿಸಿ ಅಪ್ಲೈ ಒತ್ತಿದ ಮೇಲೆ ಕ್ಯಾಲಿಬರ್ ಮರುಶುರು ಕೇಳುತ್ತದೆ, ಒಪ್ಪಿಕೊಳ್ಳಿ. ಆಮೇಲೆ ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ಗಾತ್ರ, ರೇಟಿಂಗ್, ಪಬ್ಲಿಷರ್ ಮುಚ್ಚಿಡಿ. ‘ಡೇಟ್’ ಎಂದಿರುವುದು ಪುಸ್ತಕ ಪ್ರಕಟವಾದ ದಿನವಲ್ಲ, ನೀವು ಗ್ರಂಥಾಲಯಕ್ಕೆ ಸೇರಿಸಿದ ದಿನ. ಇದನ್ನೇ ಪ್ರಕಟಣೆಯ ವರ್ಷವೆಂದು ಭಾವಿಸಿ ಪ್ರಬಂಧದಲ್ಲಿ ಬರೆದರೆ ಮಾರ್ಗದರ್ಶಕರು ಸುಮ್ಮನಿರುವುದಿಲ್ಲ. ಅದನ್ನೂ ಮುಚ್ಚಿ, ‘ಪಬ್ಲಿಷ್ಡ್’ ತೆರೆಯಿರಿ. ಕಾಲಮ್ಮಿನ ತಲೆ ಹಿಡಿದು ಎಳೆದರೆ ಜಾಗ ಬದಲಾಗುತ್ತದೆ. ಲೇಖಕ, ಹೆಸರು, ಸರಣಿ, ಸ್ಥಿತಿ, ಮನನ: ಎಡದಿಂದ ಬಲಕ್ಕೆ ಇಷ್ಟು ಕಂಡರೆ ಚಿಕ್ಕ ಪರದೆಗೂ ಹಿಡಿಸುತ್ತದೆ.

ಲೇಖಕರ ಹೆಸರಿನ ಕ್ರಮ

ಕ್ಯಾಲಿಬರ್ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರೆಂದುಕೊಂಡು ಮುಂದಕ್ಕೆ ತಂದು ವಿಂಗಡಿಸುತ್ತದೆ. ‘ಎಸ್.ಎಲ್. ಭೈರಪ್ಪ’ ಭಕಾರಕ್ಕೆ ಹೋಗುವುದು ನಮಗೂ ಒಪ್ಪಿಗೆಯೇ. ಆದರೆ ‘ಪಂಡಿತ ತಾರಾನಾಥ’, ‘ಡಿ.ವಿ.ಜಿ.’ ಎಂಬಂಥ ಹೆಸರುಗಳು, ‘ಪ್ರಸಾರಾಂಗ, ಮೈಸೂರು ವಿಶ್ವವಿದ್ಯಾನಿಲಯ’ ಎಂಬಂಥ ಸಂಸ್ಥೆಗಳು ಸೇರಿದಾಗ ಪಟ್ಟಿ ಕಲಸುಮೇಲೋಗರವಾಗುತ್ತದೆ. ಬರೆದ ಹಾಗೆಯೇ ವಿಂಗಡಿಸಬೇಕೆಂದರೆ ಪ್ರಿಫರೆನ್ಸಸ್ಸಿನ ‘ಅಡ್ವಾನ್ಸ್ಡ್ ಟ್ವೀಕ್ಸ್’ನಲ್ಲಿ ಆಥರ್ ಸಾರ್ಟ್ ಕುರಿತ ಸಾಲು ಹುಡುಕಿ ಅಲ್ಲಿನ ‘ಕಾಮಾ’ ಎಂಬುದನ್ನು ‘ಕಾಪಿ’ ಎಂದು ಬದಲಿಸಿ. ಇದು ಮುಂದೆ ಸೇರುವ ಪುಸ್ತಕಗಳಿಗೆ ಮಾತ್ರ. ಈಗಾಗಲೇ ಇರುವವಕ್ಕೆ ‘ಮ್ಯಾನೇಜ್ ಆಥರ್ಸ್’ ತೆರೆದು ಎಲ್ಲ ಲೇಖಕರ ವಿಂಗಡಣೆಯನ್ನೂ ಮತ್ತೆ ಲೆಕ್ಕ ಹಾಕುವ ಗುಂಡಿ ಒತ್ತಬೇಕು.

ಎಡಬದಿಯ ವಿಷಯಪಟ್ಟಿ, ಅಲ್ಲಿ ಕಾಡುವ ಚುಕ್ಕೆ

ಎಡಗಡೆಯ ಟ್ಯಾಗ್ ಬ್ರೌಸರ್ ನಿಜವಾದ ಕೆಲಸಗಾರ. ಮೊದಲ ಸ್ಥಿತಿಯಲ್ಲಿ ಅದು ಎಲ್ಲ ಟ್ಯಾಗನ್ನೂ ಒಂದೇ ಉದ್ದ ಸಾಲಾಗಿ ತೋರಿಸುತ್ತದೆ. ಕೊಂಬೆಗಳಾಗಿ ಒಡೆಯಬೇಕೆಂದರೆ ಪ್ರಿಫರೆನ್ಸಸ್‌ನಲ್ಲಿ ‘ಲುಕ್ ಅಂಡ್ ಫೀಲ್’ ತೆರೆದು, ಟ್ಯಾಗ್ ಬ್ರೌಸರ್ ಪುಟದಲ್ಲಿ ಶ್ರೇಣಿಯಾಗಿ ತೋರಿಸಬೇಕಾದ ವರ್ಗಗಳನ್ನು ಕೇಳುವ ಜಾಗ ಹುಡುಕಿ. ಅಲ್ಲಿ ಟ್ಯಾಗ್ಸ್ ಎಂದು ಇಂಗ್ಲಿಷಿನಲ್ಲಿ, ಅಲ್ಪವಿರಾಮ ಕೊಟ್ಟು ‘ಸ್ಥಳ’ ಕಾಲಮ್ಮಿನ ಲುಕಪ್ ನೇಮನ್ನು ಮುಂದೆ ಹ್ಯಾಷ್ ಚಿಹ್ನೆ ಹಾಕಿ ಸೇರಿಸಿ. ಇನ್ನು ಮೇಲೆ ‘ಇತಿಹಾಸ.ಕರ್ನಾಟಕ.ಹೊಯ್ಸಳ’ ಎಂದು ಚುಕ್ಕೆ ಹಾಕಿ ಬರೆದ ಟ್ಯಾಗ್ ಮೂರು ಹಂತದ ಕೊಂಬೆಯಾಗಿ ಬಿಚ್ಚಿಕೊಳ್ಳುತ್ತದೆ.

ಸಮಸ್ಯೆ ಬರುವುದೂ ಈ ಚುಕ್ಕೆಯಿಂದಲೇ. ನಮ್ಮ ಕಡೆ ಊರು, ಅಣೆಕಟ್ಟು, ಕವಿ, ಎಲ್ಲರಿಗೂ ಇನಿಶಿಯಲ್ ಇದೆ. ಸ್ಥಳದ ಕಾಲಮ್ಮಿನಲ್ಲಿ ‘ಕೆ.ಆರ್.ಪೇಟೆ’ ಎಂದು ಬರೆದ ತಕ್ಷಣ ಎಡಗಡೆ ‘ಕೆ’ ಎಂಬ ಜಿಲ್ಲೆ, ಅದರೊಳಗೆ ‘ಆರ್’ ಎಂಬ ತಾಲ್ಲೂಕು, ಅದರೊಳಗೆ ‘ಪೇಟೆ’ ಎಂಬ ಊರು ಹುಟ್ಟುತ್ತದೆ. ಆಮೇಲೆ ಕೆ.ಆರ್.ಎಸ್., ಕೆ.ಆರ್.ನಗರ ಸೇರಿಸಿದಿರೋ, ಅವೂ ಅದೇ ‘ಕೆ’, ‘ಆರ್’ ಒಳಗೆ ಹೋಗಿ ಕೂರುತ್ತವೆ. ಪರಿಹಾರ ಒಂದೇ: ಟ್ಯಾಗಿನಲ್ಲಿ ಇನಿಶಿಯಲ್ ಬೇಡ. ಕೃಷ್ಣರಾಜಪೇಟೆ, ಕೃಷ್ಣರಾಜಸಾಗರ, ತಿರುಮಕೂಡಲು ನರಸೀಪುರ ಎಂದು ಪೂರ್ತಿ ಬರೆಯಿರಿ, ಅಥವಾ ಚುಕ್ಕೆ ತೆಗೆದು ‘ಕೆಆರ್‌ಎಸ್’ ಎನ್ನಿ. ಅಲ್ಪವಿರಾಮವೂ ಹೀಗೆಯೇ, ಅದು ಬಂದಲ್ಲಿ ಒಂದು ಟ್ಯಾಗ್ ಎರಡಾಗುತ್ತದೆ.

ಇನ್ನೊಂದು ಕಾಟ ಕಣ್ಣಿಗೆ ಬೀಳುವುದೇ ಇಲ್ಲ. ಪಟ್ಟಿಯಲ್ಲಿ ‘ಮಂಡ್ಯ’ ಎರಡು ಸಲ ಕಾಣುತ್ತದೆ, ಎರಡೂ ಒಂದೇ ಥರ. ಒಂದರಲ್ಲಿ ಅನುಸ್ವಾರ ಇದೆ, ಇನ್ನೊಂದರಲ್ಲಿ ಅನುಸ್ವಾರದ ಜಾಗಕ್ಕೆ ಕನ್ನಡದ ಸೊನ್ನೆ ಅಂಕಿ ಬಂದಿದೆ: ‘ಮ೦ಡ್ಯ’. ಕಣ್ಣಿಗೆ ಎರಡೂ ಸೊನ್ನೆ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಹಳೆಯ ಪಠ್ಯದಿಂದ ನಕಲು ಮಾಡಿ ಅಂಟಿಸಿದಾಗ ಹೀಗಾಗುವುದು ಹೆಚ್ಚು. ‘ರಾಜ್‌ಕುಮಾರ್’ನಂಥ ಪದಗಳಲ್ಲಿ ಅರ್ಧಾಕ್ಷರದ ಮುಂದೆ ಅಡಗಿರುವ ಶೂನ್ಯ ಅಗಲದ ಅಕ್ಷರವೂ ಇದೇ ಕಿತಾಪತಿ ಮಾಡುತ್ತದೆ. ತಪ್ಪಿರುವುದರ ಮೇಲೆ ಬಲ ಕ್ಲಿಕ್ ಮಾಡಿ, ರೀನೇಮ್ ಕೊಟ್ಟು, ಸರಿಯಾದ ಹೆಸರನ್ನು ಹೊಸದಾಗಿ ಬೆರಳಚ್ಚಿಸಿ. ಆ ಹೆಸರು ಆಗಲೇ ಇದ್ದರೆ ಎರಡೂ ಸೇರಿ ಒಂದಾಗುತ್ತವೆ. ಟ್ಯಾಗ್‌ಗಳನ್ನು ಅಂಟಿಸುವ ಬದಲು ಒಂದೇ ಕೀಲಿಮಣೆಯಲ್ಲಿ ಬೆರಳಚ್ಚಿಸುವ ರೂಢಿ ಇಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಬೇಡದ ವರ್ಗಗಳನ್ನು ಅದೇ ಬಲ ಕ್ಲಿಕ್ಕಿನಿಂದ ಮುಚ್ಚಿಡಿ. ಫಾರ್ಮ್ಯಾಟ್ಸ್, ಐಡೆಂಟಿಫೈಯರ್ಸ್, ರೇಟಿಂಗ್ ಯಾವುದೂ ದಿನನಿತ್ಯಕ್ಕೆ ಬೇಕಾಗುವುದಿಲ್ಲ.

ಕಿಟಕಿಯ ಭಾಗಗಳು

ಕೆಳಗೆ ಬಲಮೂಲೆಯ ‘ಲೇಔಟ್’ ಗುಂಡಿಯಲ್ಲಿ ಯಾವ ಭಾಗ ಕಾಣಬೇಕು, ಯಾವುದು ಬೇಡ ಎಂಬುದೆಲ್ಲ ಇದೆ. 1366×768ರ ಲ್ಯಾಪ್‌ಟಾಪ್ ಪರದೆಗೆ ಎಡದ ಟ್ಯಾಗ್ ಬ್ರೌಸರ್, ನಡುವಿನ ಪಟ್ಟಿ ಎರಡೇ ಸಾಕು. ಬಲಗಡೆಯ ಬುಕ್ ಡೀಟೇಲ್ಸ್ ಬೇಕಾದಾಗ ಮಾತ್ರ ತೆರೆಯಿರಿ. ಅದು ಸದಾ ಬೇಕು ಅನ್ನುವವರು ಲುಕ್ ಅಂಡ್ ಫೀಲ್‌ನಲ್ಲಿ ‘ನ್ಯಾರೋ’ ವಿನ್ಯಾಸ ಆರಿಸಿದರೆ ಅದು ಬಲಬದಿ ಬಿಟ್ಟು ಕೆಳಗೆ ಹೋಗುತ್ತದೆ. ಮುಖಪುಟಗಳ ಜಾಲರಿ, ಅಂದರೆ ಕವರ್ ಗ್ರಿಡ್, ನೋಡಲು ಚೆಂದ, ಅಧ್ಯಯನಕ್ಕೆ ನಿರುಪಯೋಗಿ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಮೊದಲ ಪುಟದಲ್ಲಿರುವುದು ಬಹುತೇಕ ಗ್ರಂಥಾಲಯದ ಮುದ್ರೆಯೋ ಖಾಲಿ ರಟ್ಟೋ ಆಗಿರುತ್ತದೆ. ಕ್ವಿಕ್‌ವ್ಯೂ ಮಾತ್ರ ಬಿಡಬೇಡಿ: ಲೇಖಕರ ಕೋಶದ ಮೇಲೆ ನಿಂತು ಕ್ಯೂ ಒತ್ತಿದರೆ ಆ ಲೇಖಕರ ಉಳಿದ ಪುಸ್ತಕಗಳು, ಟ್ಯಾಗ್ ಕೋಶದ ಮೇಲೆ ಒತ್ತಿದರೆ ಅದೇ ಟ್ಯಾಗಿನವು ಪಕ್ಕದಲ್ಲಿ ಬರುತ್ತವೆ.

ಕನ್ನಡ ಅಕ್ಷರಗಳ ಜಾಗಕ್ಕೆ ಚೌಕಗಳು ಕಂಡರೆ ಲುಕ್ ಅಂಡ್ ಫೀಲ್‌ನಲ್ಲೇ ಫಾಂಟ್ ಬದಲಿಸಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಲಿನಕ್ಸ್‌ನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಆಗುತ್ತದೆ, ಗಾತ್ರ 11 ಅಥವಾ 12. ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರದ ಬುಡ ಕತ್ತರಿಸಿದ ಹಾಗೆ ಕಾಣುತ್ತಿದ್ದರೆ ಅದು ಫಾಂಟಿನ ದೋಷವಲ್ಲ, ಸಾಲಿನ ಎತ್ತರ ಸಾಲದೆ ಆದದ್ದು. ಪುಸ್ತಕ ಪಟ್ಟಿಯ ಸಾಲುಗಳ ನಡುವೆ ಹೆಚ್ಚುವರಿ ಅಂತರ ಕೊಡುವ ಅಂಕಿಯನ್ನು ಸ್ವಲ್ಪ ಸ್ವಲ್ಪ ಏರಿಸುತ್ತ ನೋಡಿ. ಟ್ಯಾಗ್ ಬ್ರೌಸರ್‌ಗೆ ಬೇರೆಯೇ ಅಂತರ ಇದೆ, ಅದನ್ನೂ ಏರಿಸಿ.

ಈಗ ಬಣ್ಣ. ಲುಕ್ ಅಂಡ್ ಫೀಲ್‌ನ ‘ಕಾಲಮ್ ಕಲರಿಂಗ್’ನಲ್ಲಿ ಒಂದೇ ಒಂದು ನಿಯಮ ಸಾಕು: ‘ಕೊನೆಯ ಮನನ’ದ ದಿನಾಂಕ 30 ದಿನಕ್ಕಿಂತ ಹಿಂದಿನದಾದರೆ ಪುಸ್ತಕದ ಹೆಸರು ಕೆಂಪಾಗಲಿ. ಪಟ್ಟಿ ತೆರೆದೊಡನೆ ಯಾವುದು ಮರೆತುಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಹತ್ತು ನಿಯಮ, ಹತ್ತು ಬಣ್ಣ ಹಾಕಿಕೊಂಡರೆ ಯಾವುದೂ ಎದ್ದು ಕಾಣುವುದಿಲ್ಲ.

ಟೂಲ್‌ಬಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಟೂಲ್‌ಬಾರ್ಸ್ ಅಂಡ್ ಮೆನ್ಯೂಸ್’ನಲ್ಲಿ ಮುಖ್ಯ ಟೂಲ್‌ಬಾರ್ ಆರಿಸಿ, ಬಲದ ಪಟ್ಟಿಯಿಂದ ಸುದ್ದಿ ತರುವ, ಪುಸ್ತಕ ಕೊಳ್ಳುವ, ದೇಣಿಗೆಯ ಗುಂಡಿಗಳನ್ನು ತೆಗೆದುಹಾಕಿ. ಎಡವಟ್ಟಾದರೆ ಅಲ್ಲೇ ‘ರಿಸ್ಟೋರ್ ಡೀಫಾಲ್ಟ್ಸ್’ ಇದೆ.

ಕೀಲಿಗಳ ಜಗಳ

ಟ್ಯಾಗ್ ಬ್ರೌಸರ್ ತೆರೆಯಲು ಮುಚ್ಚಲು ಶಿಫ್ಟ್, ಆಲ್ಟ್ ಜೊತೆ ಟಿ. ಬುಕ್ ಡೀಟೇಲ್ಸ್‌ಗೆ ಶಿಫ್ಟ್, ಆಲ್ಟ್ ಜೊತೆ ಡಿ. ವಿಂಡೋಸ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕೀಲಿಮಣೆ ಇಟ್ಟುಕೊಂಡವರಿಗೆ ಇಲ್ಲೇ ತಿಕ್ಕಾಟ. ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುವ ಏರ್ಪಾಡು ವಿಂಡೋಸ್‌ನಲ್ಲಿದೆ. ಟ್ಯಾಗ್ ಬ್ರೌಸರ್ ತೆರೆಯಲು ಹೋಗಿ ಕೀಲಿಮಣೆ ಕನ್ನಡಕ್ಕೆ ತಿರುಗುತ್ತದೆ, ಮುಂದಿನ ಶಾರ್ಟ್‌ಕಟ್ ಕೆಲಸ ಮಾಡುವುದಿಲ್ಲ. ಕ್ಯಾಲಿಬರ್ ಕೆಟ್ಟಿದೆ ಎಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಆ ಜೋಡಿ ಕೀಲಿ ತೆಗೆದು, ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಳಸಿ. ಇಲ್ಲವೇ ಕ್ಯಾಲಿಬರ್‌ನ ‘ಶಾರ್ಟ್‌ಕಟ್ಸ್’ ಪುಟದಲ್ಲಿ ಈ ಶಾರ್ಟ್‌ಕಟ್‌ಗಳಿಗೆ ಬೇರೆ ಕೀಲಿ ಕೊಡಿ.

ವಿಷಯಕ್ಕೊಂದು ಟ್ಯಾಬ್

ಎಲ್ಲವನ್ನೂ ಒಂದೇ ಗ್ರಂಥಾಲಯದಲ್ಲಿಟ್ಟು ವರ್ಚುವಲ್ ಲೈಬ್ರರಿ, ಅಂದರೆ ಆರಿಸಿದ ಪುಸ್ತಕಗಳನ್ನಷ್ಟೇ ತೋರಿಸುವ ನೋಟ, ಮಾಡಿಕೊಳ್ಳುವುದು ಲೇಸು. ವಿಷಯಕ್ಕೊಂದು ಬೇರೆ ಗ್ರಂಥಾಲಯ ಮಾಡಿದರೆ ಒಂದೇ ಪುಸ್ತಕ ಎರಡು ಕಡೆ ಬೇಕಾಗುತ್ತದೆ, ಕಾಲಂಗಳೂ ಪ್ರತಿಯೊಂದಕ್ಕೂ ಬೇರೆ. ಹುಡುಕು ಪಟ್ಟಿಯ ಎಡದ ‘ವರ್ಚುವಲ್ ಲೈಬ್ರರಿ’ ಗುಂಡಿ ಒತ್ತಿ, ಹೊಸದು ಮಾಡಲು ಹೇಳಿ, ಹೆಸರು ಕೊಡಿ. ಹುಡುಕು ವಾಕ್ಯದ ಜಾಗದಲ್ಲಿ ಟ್ಯಾಗ್ಸ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಮುಂದೆ "=.ಇತಿಹಾಸ" ಎಂದು ಉದ್ಧರಣ ಚಿಹ್ನೆಯೊಡನೆ ಬರೆಯಿರಿ. ಸಮ ಚಿಹ್ನೆಯ ಪಕ್ಕದ ಚುಕ್ಕೆ ಮರೆತರೆ ‘ಇತಿಹಾಸ’ ಎಂದಷ್ಟೇ ಟ್ಯಾಗ್ ಇರುವವು ಸಿಕ್ಕಿ, ಅದರ ಕೊಂಬೆಗಳಲ್ಲಿರುವವು ಬಿಟ್ಟುಹೋಗುತ್ತವೆ. ಅದೇ ಗುಂಡಿಯಲ್ಲಿ ಟ್ಯಾಬ್‌ಗಳಾಗಿ ತೋರಿಸುವ ಆಯ್ಕೆ ಕೊಟ್ಟರೆ ಪಟ್ಟಿಯ ನೆತ್ತಿಯ ಮೇಲೆ ವಿಷಯಗಳು ಸಾಲಾಗಿ ನಿಲ್ಲುತ್ತವೆ.

ಬೇರೆ ಗ್ರಂಥಾಲಯ ಮಾಡಲೇಬೇಕಾಗಿ ಬಂದರೆ, ಹೊಸದು ಮಾಡುವ ಪೆಟ್ಟಿಗೆಯಲ್ಲಿ ಈಗಿನದರ ರಚನೆ ನಕಲಿಸುವ ಚೌಕಕ್ಕೆ ಗುರುತು ಹಾಕಿ. ಕಾಲಂಗಳೆಲ್ಲ ಜೊತೆಗೆ ಬರುತ್ತವೆ.

ಪಿಡಿಎಫ್, ಮತ್ತು ಹುಡುಕಿದರೂ ಸಿಗದ ಕನ್ನಡ

ಕ್ಯಾಲಿಬರ್‌ನ ಸ್ವಂತ ಓದುಕಿಟಕಿ ಇ-ಪಬ್‌ಗೆ ಒಳ್ಳೆಯದು. ಪಿಡಿಎಫ್ ಅನ್ನು ಅದು ಪರಿವರ್ತಿಸಿ ತೋರಿಸಲು ಹೋಗಿ ಪುಟದ ವಿನ್ಯಾಸ ಕೆಡಿಸುತ್ತದೆ, ಕೋಷ್ಟಕಗಳು ಚೆಲ್ಲಾಪಿಲ್ಲಿಯಾಗುತ್ತವೆ. ಪ್ರಿಫರೆನ್ಸಸ್‌ನ ‘ಬಿಹೇವಿಯರ್’ನಲ್ಲಿ ಒಳಗಿನ ವ್ಯೂವರ್ ಬಳಸುವ ಫಾರ್ಮ್ಯಾಟ್‌ಗಳ ಪಟ್ಟಿಯಿದೆ, ಅಲ್ಲಿ ಪಿಡಿಎಫ್ ಮುಂದೆ ಗುರುತು ಇದ್ದರೆ ತೆಗೆಯಿರಿ. ಆಗ ಪಿಡಿಎಫ್ ನಿಮ್ಮ ಎಂದಿನ ತಂತ್ರಾಂಶದಲ್ಲಿ ತೆರೆಯುತ್ತದೆ.

2022ರಲ್ಲಿ ಬಂದ ಆವೃತ್ತಿ 6ರಿಂದ ಪುಸ್ತಕಗಳ ಒಳಗಿನ ಪಠ್ಯವನ್ನೂ ಹುಡುಕಬಹುದು. ಮೊದಲ ಸಲ ಸೂಚಿ ತಯಾರಾಗಲು ಹೊತ್ತು ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಕನ್ನಡ ಪಿಡಿಎಫ್‌ಗಳಲ್ಲಿ ಮಾತ್ರ ಬಹಳ ಸಲ ಏನೂ ಸಿಗುವುದಿಲ್ಲ. ಕಾರಣ ಎರಡು, ತಿಳಿಯುವ ದಾರಿ ಒಂದು: ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಸಾಲನ್ನು ಆರಿಸಲೇ ಆಗದಿದ್ದರೆ ಅದು ಬರಿಯ ಚಿತ್ರ. ಟೆಸೆರಾಕ್ಟ್‌ನಂಥ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ) ತಂತ್ರಾಂಶದಲ್ಲಿ ಕನ್ನಡ ಭಾಷೆ ಆರಿಸಿ ಪಠ್ಯದ ಪದರ ಸೇರಿಸಬೇಕು. ಅಂಟಿಸಿದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಬಂದರೆ ಅದು ನುಡಿ, ಬರಹದ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಮಾಡಿದ್ದು. ಮೂಲ ವರ್ಡ್ ಫೈಲ್ ಸಿಕ್ಕಿದರೆ ಅವೇ ತಂತ್ರಾಂಶಗಳ ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಿ, ಸಿಗದಿದ್ದರೆ ಅದಕ್ಕೂ ಓಸಿಆರ್. ಅಷ್ಟೆಲ್ಲ ಮಾಡಲು ಪುರುಸೊತ್ತಿಲ್ಲವೆಂದರೆ ಪುಸ್ತಕದ ‘ಕಾಮೆಂಟ್ಸ್’ ಜಾಗದಲ್ಲಿ ಪರಿವಿಡಿಯನ್ನಾದರೂ ಬೆರಳಚ್ಚಿಸಿಡಿ. ಮೇಲಿನ ಹುಡುಕು ಪೆಟ್ಟಿಗೆಗೆ ಅದು ಸಿಗುತ್ತದೆ.

ಉಳಿಸಿಕೊಳ್ಳುವುದು

ಗ್ರಂಥಾಲಯದ ಫೋಲ್ಡರನ್ನು ಗೂಗಲ್ ಡ್ರೈವ್, ಒನ್‌ಡ್ರೈವ್‌ನ ಸಿಂಕ್ ಆಗುವ ಜಾಗದಲ್ಲಿ ಇಡಬೇಡಿ. ಕ್ಯಾಲಿಬರ್ ಬರೆಯುತ್ತಿರುವಾಗಲೇ ಸಿಂಕ್ ತಂತ್ರಾಂಶ ಡೇಟಾಬೇಸ್ ಫೈಲಿಗೆ ಕೈ ಹಾಕಿದರೆ ಅದು ಕೆಡುತ್ತದೆ. ಹಾಗೆ ಕೆಟ್ಟರೂ ಪ್ರತಿ ಪುಸ್ತಕದ ಫೋಲ್ಡರಿನಲ್ಲಿ ಅದರ ವಿವರಗಳ ಒಂದು ಓಪಿಎಫ್ ಪ್ರತಿ ಇರುತ್ತದೆ. ಲೈಬ್ರರಿ ಮೇಂಟೆನೆನ್ಸ್‌ನ ‘ರಿಸ್ಟೋರ್ ಡೇಟಾಬೇಸ್’ ಅದರಿಂದ ಪಟ್ಟಿಯನ್ನು ಮತ್ತೆ ಕಟ್ಟುತ್ತದೆ.

ಹೊಸ ಕಂಪ್ಯೂಟರಿಗೆ ಹೋಗುವಾಗ ಬರಿಯ ಗ್ರಂಥಾಲಯದ ಫೋಲ್ಡರ್ ನಕಲಿಸಿದರೆ ಪುಸ್ತಕಗಳು, ಕಾಲಂಗಳು ಬರುತ್ತವೆ. ಟೂಲ್‌ಬಾರ್, ಶಾರ್ಟ್‌ಕಟ್, ಫಾಂಟ್ ಬರುವುದಿಲ್ಲ, ಅವು ಬೇರೆ ಜಾಗದಲ್ಲಿರುತ್ತವೆ. ಗ್ರಂಥಾಲಯದ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ, ಕ್ಯಾಲಿಬರ್‌ನ ಎಲ್ಲ ಮಾಹಿತಿಯನ್ನೂ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಬಳಸಿ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಪುಸ್ತಕಗಳ ಒಟ್ಟು ಗಾತ್ರಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಇರಲಿ. ಹೊಸ ಕಂಪ್ಯೂಟರಿನಲ್ಲಿ ಇಂಪೋರ್ಟ್ ಮಾಡುವಾಗ ಗ್ರಂಥಾಲಯ ಎಲ್ಲಿ ಬೇಕೆಂದು ಕೇಳಿದಾಗ ಖಾಲಿ ಫೋಲ್ಡರನ್ನೇ ತೋರಿಸಬೇಕು. ಒಳಗೆ ಏನಾದರೂ ಇದ್ದರೆ ಅದು ಒಪ್ಪುವುದಿಲ್ಲ.